ಸಂಪಾದಕರ ಉತ್ತರ: ಮೂವತ್ತು ಸೆಕೆಂಡ್ ಸುಮ್ಮನಿರೋಕೆ ಆಗಲ್ವಾ?

ದಾವಣಗೆರೆಯ ಓದುಗರೊಬ್ಬರು ಬರೆದ ಪತ್ರ ಇದು. ಸ್ವಲ್ಪ ಉದ್ದ ಇದೆ, ಮುಖ್ಯ ಮಾತುಗಳನ್ನಷ್ಟೇ ಕೊಡುತ್ತಿದ್ದೇನೆ.

"ಸಂಪಾದಕರೇ, ಹೋದ ಸಂಚಿಕೆಯ ಸಿನಿಮಾ ವಿಮರ್ಶೆಯಲ್ಲಿ ಶಬ್ದದ ಬಗ್ಗೆಯೇ ಒಂದು ದೊಡ್ಡ ಪ್ಯಾರಾ ಇತ್ತು. ಕಥೆ, ನಟನೆ, ಹಾಡುಗಳಿಗೆ ಸಲ್ಲಬೇಕಾದ ಜಾಗವನ್ನು ಅದಕ್ಕೆ ಯಾಕೆ ಕೊಟ್ಟಿರಿ? ಈಗ ಎಷ್ಟೋ ಜನ ಸಿನಿಮಾ ನೋಡೋದೇ ಮೊಬೈಲಲ್ಲಿ. ಡೈಲಾಗ್ ಕೇಳಿಸಿದರೆ ಸಾಕು. ನನ್ನ ತಂಗಿಯ ಮಗ ಒಳ್ಳೆ ಕಂಪನಿ ಕೆಲಸ ಬಿಟ್ಟು ಶೂಟಿಂಗಿನಲ್ಲಿ ಬೂಮ್ (ಉದ್ದ ಕೋಲಿಗೆ ಕಟ್ಟಿದ ಮೈಕ್) ಹಿಡಿಯೋಕೆ ಹೋಗಿದ್ದಾನೆ. ಮೊದಲ ಸಿನಿಮಾದ ಬಾಕಿ ಹಣ ಇನ್ನೂ ಬಂದಿಲ್ಲ. ನಿರ್ಮಾಪಕರನ್ನು ಬೈದು ಏನು ಪ್ರಯೋಜನ, ಅವರ ದುಡ್ಡು ಅವರಿಷ್ಟ. ಕ್ಯಾಮೆರಾ ವಿಭಾಗಕ್ಕಾದರೂ ಹೋಗಪ್ಪಾ ಅಂತ ನೀವಾದರೂ ಅವನಿಗೆ ಒಂದು ಮಾತು ಬರೆಯಿರಿ."

ಇಲ್ಲ ಸ್ವಾಮಿ, ಆ ಮಾತನ್ನು ನಾನು ಬರೆಯುವುದಿಲ್ಲ. ನಿಮ್ಮ ಅಳಿಯ ಹಿಡಿದಿರುವ ಕೆಲಸ ಸಿನಿಮಾದ ಅರ್ಧ ಭಾರ ಹೊರುವ ಕೆಲಸ. ನೀವು ಅಷ್ಟು ಪ್ರೀತಿಯಿಂದ ಅವನ ಬಗ್ಗೆ ಬರೆದಿದ್ದೀರಿ, ಆದರೆ ಅವನು ದಿನವಿಡೀ ಏನು ಮಾಡುತ್ತಾನೆ ಅಂತ ಒಂದು ಸಲವಾದರೂ ಕೂತು ಕೇಳಿದ ಹಾಗೆ ಕಾಣಲಿಲ್ಲ. ದಯವಿಟ್ಟು ಕೇಳಿ.

ಮೊದಲು ನಿರ್ಮಾಪಕರ ಕಡೆಯ ಮಾತು. ಸ್ಥಳದಲ್ಲೇ ಮಾತು ಹಿಡಿಯಬೇಕಾದರೆ, ಅಂದರೆ ಸಿಂಕ್ ಸೌಂಡ್ ಮಾಡಬೇಕಾದರೆ, ಖರ್ಚಿದೆ. ಜನರೇಟರ್ ದೂರ ನಿಲ್ಲಿಸಬೇಕು, ಉದ್ದ ಕೇಬಲ್ ಎಳೆಯಬೇಕು. ರಸ್ತೆಯಲ್ಲಿ ಯಾರೋ ಹಾರ್ನ್ ಹೊಡೆದರೆ ಇನ್ನೊಂದು ಟೇಕ್. ನಟರಿಗೆ ಮಾತು ಬಾಯಿಪಾಠ ಆಗಿರಬೇಕು. ಕೈಯಲ್ಲಿ ದುಡ್ಡಿಲ್ಲದ ಚಿಕ್ಕ ನಿರ್ಮಾಪಕರು ಡಬ್ಬಿಂಗ್ (ಆಮೇಲೆ ಸ್ಟುಡಿಯೋದಲ್ಲಿ ಮಾತು ಹೇಳಿಸೋದು) ಸಾಕು ಅಂದರೆ ಅದರಲ್ಲಿ ನ್ಯಾಯ ಇದೆ. ಡಬ್ಬಿಂಗ್ ಕಲಾವಿದರ ಕೆಲಸವೂ ಸಣ್ಣದಲ್ಲ. ಇಷ್ಟನ್ನು ಒಪ್ಪಿಕೊಳ್ಳುತ್ತೇನೆ.

ಆದರೆ ನನ್ನ ತಕರಾರು ದುಡ್ಡಿನದ್ದೇ ಅಲ್ಲ. ದುಡ್ಡು ಬೇಡದ ಒಂದು ಸಂಗತಿ ಹೇಳುತ್ತೇನೆ. ಕನಕಪುರ ರಸ್ತೆಯ ಕಡೆ ಒಂದು ಶೂಟಿಂಗ್ ನೋಡೋಕೆ ಹೋಗಿದ್ದೆ. ಹಳೇ ಮನೆಯೊಳಗೆ ತಾಯಿ ಮಗಳ ದೃಶ್ಯ. ಟೇಕ್ ಓಕೆ ಆಯಿತು. ಸೌಂಡ್ ರೆಕಾರ್ಡಿಸ್ಟ್, ಇನ್ನೂ ಮೂವತ್ತು ದಾಟದ ಹುಡುಗ, ಕೈ ಎತ್ತಿ "ಸಾರ್, ಮೂವತ್ತು ಸೆಕೆಂಡ್ ಎಲ್ಲರೂ ಹಾಗೇ ಇರಿ, ರೂಮ್ ಟೋನ್ ಬೇಕು" ಅಂದ. ಯಾರೂ ಮಾತಾಡದೆ ಇದ್ದಾಗ ಆ ಕೋಣೆ ಹೇಗೆ ಕೇಳಿಸುತ್ತದೋ ಅದನ್ನು ಹಿಡಿಯಬೇಕಿತ್ತು. ಅದು ಇಲ್ಲದೆ ಎಡಿಟಿಂಗಿನಲ್ಲಿ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಶಬ್ದ ಕತ್ತರಿಸಿ ಬಿದ್ದ ಹಾಗಾಗುತ್ತದೆ. ಆ ಬಿರುಕು ತುಂಬೋದು ಈ ಮೂವತ್ತು ಸೆಕೆಂಡಿನಿಂದಲೇ. ಅವನ ಮಾತು ಮುಗಿಯುವ ಮೊದಲೇ ಪ್ರೊಡಕ್ಷನ್ ಮ್ಯಾನೇಜರ್ "ಲಂಚ್ ಬ್ರೇಕ್" ಅಂತ ಕೂಗಿದರು. ಲೈಟಿನವರು ಸ್ಟ್ಯಾಂಡ್ ಎಳೆದರು, ಯಾರೋ ನಕ್ಕರು, ಹೊರಗೆ ತಟ್ಟೆ ಸದ್ದು ಶುರುವಾಯಿತು. ಬೆಳಗ್ಗೆಯಿಂದ ಇದೇ ಜನ ಕ್ಯಾಮೆರಾಮನ್ ಮೋಡ ಸರಿಯಲಿ ಅಂದಾಗ ಅರ್ಧ ಗಂಟೆ ಕಾದಿದ್ದರು. ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಬೆಳಕಿಗೆ ಅರ್ಧ ಗಂಟೆ, ಶಬ್ದಕ್ಕೆ ಅರ್ಧ ನಿಮಿಷವೂ ಇಲ್ಲ! ಆ ಹುಡುಗನ ಮುಖ ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಬಜೆಟ್ಟಿನ ಕಥೆಯೂ ಇದೇ. ಸೌಂಡ್ ಡಿಸೈನ್ (ಸಿನಿಮಾದ ಶಬ್ದಗಳನ್ನೆಲ್ಲ ಯೋಚಿಸಿ ಕಟ್ಟೋದು), ಎಫೆಕ್ಟ್ಸ್, ಮಿಕ್ಸಿಂಗ್ (ಅವನ್ನೆಲ್ಲ ಹದವಾಗಿ ಬೆರೆಸೋದು) ಎಲ್ಲ ಬರೋದು ಕೊನೆಯಲ್ಲಿ. ಅಷ್ಟು ಹೊತ್ತಿಗೆ ಶೂಟಿಂಗ್ ಹತ್ತು ದಿನ ಜಾಸ್ತಿ ಆಗಿರುತ್ತದೆ, ಹಾಡಿಗೆ ಸೆಟ್ ಹಾಕಿ ದುಡ್ಡು ಮುಗಿದಿರುತ್ತದೆ. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಕೂತವರಿಗೆ ಅನ್ನ ಸಾರು ಮಾತ್ರ ಉಳಿದ ಹಾಗೆ, ಶಬ್ದದವರಿಗೆ ಉಳಿದದ್ದು ಸಿಗುತ್ತದೆ. ರಿಲೀಸ್ ದಿನ ಮೊದಲೇ ಗೊತ್ತುಮಾಡಿರುತ್ತಾರೆ, ಮುಂದಕ್ಕೆ ಹಾಕೋ ಹಾಗಿಲ್ಲ. ಹಾಗಾಗಿ ಎರಡು ತಿಂಗಳ ಕೆಲಸವನ್ನು ಹನ್ನೆರಡು ದಿನದಲ್ಲಿ ಮಾಡಿ ಅಂತಾರೆ. ಸಿನಿಮಾ ಓಡದಿದ್ದರೆ ಮೊದಲು ನಿಲ್ಲೋದೂ ಇವರ ಬ್ಯಾಲೆನ್ಸ್ ಪೇಮೆಂಟೇ. ನಿಮ್ಮ ಅಳಿಯನಿಗೆ ಆಗಿದ್ದು ಇದೇ ಅಲ್ವಾ? ಅವರ ದುಡ್ಡು ಅವರಿಷ್ಟ ಅಂತೀರಿ. ಇದು ಅವರ ದುಡ್ಡಲ್ಲ ಸ್ವಾಮಿ, ನಿಮ್ಮ ಹುಡುಗ ದುಡಿದ ದುಡ್ಡು.

ಶುರುವಿನಲ್ಲಿ ಹೀಗಿರಲಿಲ್ಲ. 1931ರಲ್ಲಿ ಆರ್ದೇಶಿರ್ ಇರಾನಿ ಬಾಂಬೆಯಲ್ಲಿ ದೇಶದ ಮೊದಲ ಮಾತಿನ ಚಿತ್ರ 'ಆಲಂ ಆರಾ' ಮಾಡಿದಾಗ ಶಬ್ದವೇ ರಾಜ. ಸ್ಟುಡಿಯೋ ಪಕ್ಕ ರೈಲು ಹಳಿ ಇತ್ತು, ಅದಕ್ಕೆ ರೈಲು ಓಡಾಟ ನಿಂತ ಮೇಲೆ ರಾತ್ರಿ ಹೊತ್ತು ಚಿತ್ರೀಕರಣ ಮಾಡಿದರು. ನಿರ್ದೇಶಕರೇ ಧ್ವನಿಗ್ರಹಣ ಕಲಿತು ಮಾಡಿದರು. ಒಂದು ಇಡೀ ತಂಡ ಶಬ್ದಕ್ಕೋಸ್ಕರ ನಿದ್ದೆ ಬಿಟ್ಟಿತ್ತು. 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ತಯಾರಾಗಿದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಕನ್ನಡ ಮಾತಾಡಿಸೋಕೆ ಅಷ್ಟು ದೂರ ಹೋದರು.

ಡಬ್ಬಿಂಗ್ ಅಭ್ಯಾಸ ಬೇರೂರಿದ್ದು ಆಮೇಲೆ. ಸ್ಟುಡಿಯೋ ಬಿಟ್ಟು ಹೊರಗೆ ಶೂಟಿಂಗ್ ಜಾಸ್ತಿ ಆದಾಗ ಹಗುರವಾದ ಆರಿಫ್ಲೆಕ್ಸ್ ಕ್ಯಾಮೆರಾ ಬಂತು. ಎತ್ತಿಕೊಂಡು ಓಡಾಡೋಕೆ ಸುಲಭ, ಆದರೆ ಓಡುವಾಗ ಸದ್ದು ಜೋರು. ಆ ಸದ್ದಿನಲ್ಲಿ ಮಾತು ಹಿಡಿಯೋಕೆ ಆಗುತ್ತಿರಲಿಲ್ಲ. ಸ್ಥಳದಲ್ಲಿ ಗುರುತಿಗೆ ಅಂತ ಪೈಲಟ್ ಟ್ರ್ಯಾಕ್ ಹಿಡಿದು, ಮಾತನ್ನೆಲ್ಲ ಆಮೇಲೆ ಡಬ್ಬಿಂಗ್ ಥಿಯೇಟರಿನಲ್ಲಿ ಹೇಳಿಸಿದರು. ಅದು ಆ ಕಾಲದ ಅನಿವಾರ್ಯ. ಈಗಿನ ಡಿಜಿಟಲ್ ಕ್ಯಾಮೆರಾಗಳು ಅಂಥ ಸದ್ದು ಮಾಡುವುದಿಲ್ಲ. ಕಾರಣ ಹೋಗಿದೆ, ಅಭ್ಯಾಸ ಮಾತ್ರ ಉಳಿದಿದೆ. ಹಿಂದಿಯಲ್ಲಿ 2001ರ 'ಲಗಾನ್' ಕಛ್‌ನ ಬಯಲಿನಲ್ಲಿ, ಅಷ್ಟೊಂದು ಜನರನ್ನು ಇಟ್ಟುಕೊಂಡು, ಸಿಂಕ್ ಸೌಂಡಿನಲ್ಲೇ ತಯಾರಾಯಿತು. ನಕುಲ್ ಕಾಮ್ಟೆ ಹಿಡಿದ ಶಬ್ದ ಅದು. ಅಲ್ಲಿ ಆಗುತ್ತದೆ ಅಂದಮೇಲೆ ಮಂಡ್ಯದಲ್ಲಿ ಯಾಕೆ ಆಗಲ್ಲ?

ಮಂಡ್ಯದಲ್ಲಿ ಆಗಿದೆ ಕೂಡ. ರಾಮ್ ರೆಡ್ಡಿ ಅವರ 'ತಿಥಿ' ನೋಡಿದ್ದೀರಲ್ಲ? 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದ ಸಿನಿಮಾ. ನೊದೆಕೊಪ್ಪಲು ಊರಿನ ಜನರೇ ನಟರು. ಗಡ್ಡಪ್ಪನ ಆ ಗೊಣಗಾಟವನ್ನು ಗಾಂಧಿನಗರದ ಎಸಿ ಡಬ್ಬಿಂಗ್ ಥಿಯೇಟರಿನಲ್ಲಿ, ಮೈಕ್ ಮುಂದೆ ನಿಲ್ಲಿಸಿ, ತುಟಿ ಹೊಂದಿಸಿ ಮತ್ತೆ ಹೇಳಿಸಿದ್ದರೆ ಏನಾಗುತ್ತಿತ್ತು? ಸೆಂಚುರಿ ಗೌಡರು ದಾರಿಯಲ್ಲಿ ಹೋಗೋರನ್ನು ಬೈಯೋ ಬೈಗುಳ ಏನಾಗುತ್ತಿತ್ತು? ಸತ್ತೇ ಹೋಗುತ್ತಿತ್ತು. ನನಗೆ ಶಬ್ದದ ಮೇಲೆ ಇಷ್ಟು ಪ್ರೀತಿ ಇರೋದಕ್ಕೆ ನಿಜವಾದ ಕಾರಣ ಇದೇ. ನಮ್ಮಲ್ಲಿ ಒಂದೇ ಕನ್ನಡ ಇಲ್ಲ. ನಿಮ್ಮ ದಾವಣಗೆರೆ ಕನ್ನಡ ಬೇರೆ, ಕುಂದಾಪುರದ್ದು ಬೇರೆ, ಕಲಬುರಗಿಯದ್ದು ಬೇರೆ, ಚಾಮರಾಜನಗರದ್ದು ಬೇರೆ. ಡಬ್ಬಿಂಗ್ ಥಿಯೇಟರಿಗೆ ಹೋದ ಕೂಡಲೇ ಇವೆಲ್ಲ ಒಂದೇ ತರಹದ ಸಿನಿಮಾ ಕನ್ನಡ ಆಗಿಬಿಡುತ್ತವೆ. ಹೊರಗಿನಿಂದ ಬಂದ ನಾಯಕಿಗೆ ಬೇರೆಯವರ ದನಿ ಅಂಟಿಸಿ ಅಂಟಿಸಿ, ನಾಯಕಿ ಅಂದರೆ ಹೀಗೇ ಮಾತಾಡಬೇಕು ಅಂತ ನಮ್ಮ ಕಿವಿಗೇ ಒಂದು ಅಭ್ಯಾಸ ಮಾಡಿಸಿದ್ದಾರೆ. ಐವತ್ತು ವರ್ಷ ಆದಮೇಲೆ ನಮ್ಮ ಮೊಮ್ಮಕ್ಕಳು 2015ರಲ್ಲಿ ಮಂಡ್ಯ ಕಡೆ ಮುದುಕರು ಹೇಗೆ ಮಾತಾಡುತ್ತಿದ್ದರು ಅಂತ ಕೇಳಬೇಕಾದರೆ ಈ ಒಂದು ಸಿನಿಮಾ ಇದೆ. ಆ ಕೆಲಸ ಮಾಡಿದ್ದು ಬೂಮ್ ಹಿಡಿದ ಕೈಗಳು.

ಆ 'ತಿಥಿ'ಯ ಸೌಂಡ್ ಡಿಸೈನರ್ ನಿತಿನ್ ಲೂಕೋಸ್. ಅವರ ಹೆಸರು ಮತ್ತೆ ಸುದ್ದಿಗೆ ಬಂದಿದ್ದು 2022ರ ಜುಲೈನಲ್ಲಿ. ಆಗ ರಾಷ್ಟ್ರ ಪ್ರಶಸ್ತಿಗಳು ಘೋಷಣೆಯಾದವು, ನಮ್ಮ 'ಡೊಳ್ಳು' ಚಿತ್ರಕ್ಕೆ ಲೊಕೇಶನ್ ಸೌಂಡ್ ರೆಕಾರ್ಡಿಸ್ಟ್ ವಿಭಾಗದಲ್ಲಿ ಪ್ರಶಸ್ತಿ ಬಂತು. ಕನ್ನಡಕ್ಕೆ ಬಂತಲ್ಲ ಅಂತ ಖುಷಿಪಡುವಷ್ಟರಲ್ಲಿ ಆ ಚಿತ್ರಕ್ಕೂ ಸೌಂಡ್ ಡಿಸೈನ್ ಮಾಡಿದ್ದ ಲೂಕೋಸ್ ಅವರೇ ಬಹಿರಂಗವಾಗಿ ಹೇಳಿದರು: ಇದು ಸಿಂಕ್ ಸೌಂಡ್ ಚಿತ್ರವೇ ಅಲ್ಲ, ಡಬ್ ಮಾಡಿದ್ದು. ಆ ವಿಭಾಗ ಇದ್ದದ್ದು ಸಿಂಕ್ ಸೌಂಡ್ ಚಿತ್ರಗಳಿಗೆ ಮಾತ್ರ. 'ಸ್ಲಮ್‌ಡಾಗ್ ಮಿಲಿಯನೇರ್'ಗೆ 2009ರಲ್ಲಿ ಆಸ್ಕರ್ ಹಂಚಿಕೊಂಡ ರಸೂಲ್ ಪೂಕುಟ್ಟಿ ಕೂಡ ಇದೇ ಮಾತನ್ನು ಎತ್ತಿದರು. ಪ್ರಶಸ್ತಿ ಪಡೆದವರ ಮೇಲೆ ನನ್ನ ದೂರಿಲ್ಲ. ದೇಶದ ಅತಿ ದೊಡ್ಡ ಸಿನಿಮಾ ಪ್ರಶಸ್ತಿಯ ತೀರ್ಪುಗಾರರ ಮೇಲೆ ಇದೆ. ಸ್ಥಳದಲ್ಲಿ ಹಿಡಿದ ಮಾತು ಯಾವುದು, ಸ್ಟುಡಿಯೋದಲ್ಲಿ ಹೇಳಿಸಿದ ಮಾತು ಯಾವುದು ಅಂತ ಅಲ್ಲಿ ಯಾರೂ ಗುರುತಿಸಲಿಲ್ಲವಲ್ಲ! ಕ್ಯಾಮೆರಾ ಪ್ರಶಸ್ತಿಯಲ್ಲಿ ಇಂಥ ಎಡವಟ್ಟು ಆಗಿದ್ದರೆ ದೇಶವೆಲ್ಲ ತಿಂಗಳುಗಟ್ಟಲೆ ಮಾತಾಡುತ್ತಿತ್ತು. ಇದು ಒಂದು ವಾರದಲ್ಲಿ ಮರೆತುಹೋಯಿತು.

ಆಮೇಲಾದರೂ ಸರಿಮಾಡಿದರಾ? ಆ ಪ್ರಶಸ್ತಿಯಲ್ಲಿ ಶಬ್ದಕ್ಕೆ ಮೂರು ಭಾಗ ಇದ್ದವು: ಲೊಕೇಶನ್ ರೆಕಾರ್ಡಿಂಗ್, ಸೌಂಡ್ ಡಿಸೈನ್, ಕೊನೆಯ ಮಿಕ್ಸಿಂಗ್. ಮೂರೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಜನ. 2022ರ ಸಾಲಿನ ಚಿತ್ರಗಳ ಹೊತ್ತಿಗೆ ಸೌಂಡ್ ಡಿಸೈನ್ ಒಂದೇ ಉಳಿಯಿತು. ಬಿಸಿಲಲ್ಲಿ ನಿಂತು ಮಾತು ಹಿಡಿಯೋ ನಿಮ್ಮ ಅಳಿಯನಂಥವರಿಗೆ ಅಲ್ಲಿ ಈಗ ಜಾಗವೇ ಇಲ್ಲ. 'ಕಾಂತಾರ'ದ ಕೊನೆಯಲ್ಲಿ ಬರುವ ಆ ಕೂಗು ಕೇಳಿ ನಿಮಗೂ ಮೈ ಜುಮ್ಮೆಂದಿರಬೇಕು. ಅದನ್ನು ಥಿಯೇಟರಿಗೆ ಮಿಕ್ಸ್ ಮಾಡಿದವರು ಎಂ.ಆರ್. ರಾಜಕೃಷ್ಣನ್. 'ರಂಗಸ್ಥಲಂ'ಗೆ ಇದೇ ಮಿಕ್ಸಿಂಗ್ ಕೆಲಸಕ್ಕೆ ಪೂರ್ತಿ ರಾಷ್ಟ್ರ ಪ್ರಶಸ್ತಿ ಪಡೆದವರು. ವಿಭಾಗ ಹೋದ ಮೇಲೆ 'ಅನಿಮಲ್'ಗೆ ಸಿಕ್ಕಿದ್ದು ವಿಶೇಷ ಉಲ್ಲೇಖ. ಅಮೆರಿಕದವರೇನೂ ಮೇಲಲ್ಲ ಬಿಡಿ. ಆಸ್ಕರಿನಲ್ಲಿ ಸೌಂಡ್ ಎಡಿಟಿಂಗ್, ಸೌಂಡ್ ಮಿಕ್ಸಿಂಗ್ ಅಂತ ಎರಡಿದ್ದವು, 2021ರ ಸಮಾರಂಭದಲ್ಲಿ ಒಂದು ಮಾಡಿದರು. ಮರುವರ್ಷ ಆ ಒಂದನ್ನೂ ಇನ್ನೂ ಏಳು ಪ್ರಶಸ್ತಿಗಳ ಜೊತೆ ನೇರಪ್ರಸಾರ ಶುರುವಾಗುವ ಮೊದಲೇ ಕೊಟ್ಟು ಮುಗಿಸಿದರು. ಗಲಾಟೆ ಆಯಿತು, 2023ರಲ್ಲಿ ಮತ್ತೆ ನೇರಪ್ರಸಾರಕ್ಕೆ ತಂದರು.

ಕಾನೂನೂ ಅಷ್ಟೇ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿದರು, ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ ಹಕ್ಕು ಗಟ್ಟಿಯಾಯಿತು. ಒಳ್ಳೆಯದೇ, ಅದಕ್ಕೆ ದೊಡ್ಡ ಹೋರಾಟ ನಡೆದಿತ್ತು. ಆದರೆ ಮಳೆ, ಬಾಗಿಲು, ಕಾಲಸಪ್ಪಳ, ಉಸಿರು ಇದನ್ನೆಲ್ಲ ಒಂದೊಂದಾಗಿ ಕಟ್ಟಿದವರಿಗೆ ಅಲ್ಲಿ ಏನೂ ಇಲ್ಲ. 'ಶೋಲೆ'ಯಲ್ಲಿ ಗಬ್ಬರ್ ಸಿಂಗ್ ಮುಖ ಕಾಣುವ ಮೊದಲೇ ನಮಗೆ ಭಯ ಹುಟ್ಟೋದು ಬಂಡೆ ಮೇಲೆ ಎಳೆದಾಡುವ ಬೆಲ್ಟಿನ ಸದ್ದಿಗೆ. 1975ರಿಂದ ಇವತ್ತಿನವರೆಗೂ ಜನ ಅದನ್ನು ಕೇಳುತ್ತಲೇ ಇದ್ದಾರೆ.

ಬೇಸರದ ಮಾತು ಇನ್ನೊಂದಿದೆ. ಕ್ಯಾಮೆರಾ ಜೊತೆ ಧ್ವನಿಗ್ರಹಣವನ್ನೂ ಪಾಠ ಮಾಡಿ ಡಿಪ್ಲೊಮಾ ಕೊಟ್ಟ ಊರು ಬೆಂಗಳೂರು. ಅದೂ 1940ರ ದಶಕದಲ್ಲಿ, ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1960ರಲ್ಲಿ. ಬೆಂಗಳೂರಿನಲ್ಲಿ ಕ್ಯಾಮೆರಾ ಕಲಿತ, ಗುರುದತ್ ಸಿನಿಮಾಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರ ಹೆಸರು ಎಲ್ಲರಿಗೂ ಗೊತ್ತು. ಅದೇ ಕಟ್ಟಡದಲ್ಲಿ ಶಬ್ದ ಕಲಿತ ಒಬ್ಬರ ಹೆಸರು ಹೇಳಿ ನೋಡೋಣ? ಧ್ವನಿಯ ಕೆಲಸಕ್ಕೆ ಮದರಾಸನ್ನೇ ನೆಚ್ಚಿಕೊಂಡು ಕೂರಬಾರದು ಅಂತ ಶಂಕರ್ ನಾಗ್ ಬೆಂಗಳೂರಿನಲ್ಲೇ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು. ಅಂಥ ಹಟ ಈಗ ಎಲ್ಲಿದೆ?

ಇನ್ನು ನಿಮ್ಮ ಮೊಬೈಲ್ ವಾದ. ಸಿನಿಮಾ ಚಿಕ್ಕ ಪರದೆಗೆ ಬಂದಾಗ ಸಣ್ಣದಾಗೋದು ಚಿತ್ರ. ಶಬ್ದ ಇಯರ್‌ಫೋನಿನಲ್ಲಿ ನೇರ ಕಿವಿಯೊಳಗೇ ಬರುತ್ತದೆ. ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಟಿವಿಗೆ ಬೆನ್ನು ಹಾಕಿ ಕೂತು ಹತ್ತು ನಿಮಿಷ ಸಿನಿಮಾ ಕೇಳಿ. ಆಮೇಲೆ ಶಬ್ದ ತೆಗೆದು ಹತ್ತು ನಿಮಿಷ ಬರೀ ನೋಡಿ. ಯಾವುದರಲ್ಲಿ ಕಥೆ ಜಾಸ್ತಿ ಉಳಿಯಿತು ಅಂತ ನನಗೆ ಬರೆಯಿರಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ತಿಳಿಯದಿದ್ದರೆ ಐದು ನಿಮಿಷ ಕೂರುವುದಿಲ್ಲ.

ಥಿಯೇಟರುಗಳ ಪಾಡು ಕೇಳಲೇಬೇಡಿ. ಮಿಕ್ಸಿಂಗ್ ಮಾಡೋದು ಡಾಲ್ಬಿ ಯಂತ್ರದಲ್ಲಿ ಏಳು ಅನ್ನೋ ಅಳತೆ ಇಟ್ಟುಕೊಂಡು. ಥಿಯೇಟರಿನವರು ಜೋರಾಯಿತು ಅಂತ ಅದನ್ನು ಐದಕ್ಕೋ ನಾಲ್ಕಕ್ಕೋ ಇಳಿಸುತ್ತಾರೆ. ಪಿಸುಮಾತು ಮುಳುಗಿಹೋಗುತ್ತದೆ. ಇದು ಗೊತ್ತಿದ್ದ ನಿರ್ದೇಶಕರು ಮುಂದಿನ ಸಿನಿಮಾವನ್ನು ಇನ್ನೂ ಜೋರಾಗಿ ಮಿಕ್ಸ್ ಮಾಡಿಸುತ್ತಾರೆ, ಥಿಯೇಟರಿನವರು ಇನ್ನೂ ಇಳಿಸುತ್ತಾರೆ. ಒಳ್ಳೆ ಸೌಂಡ್ ಅಂದರೆ ಎದೆ ನಡುಗಿಸೋ ಸೌಂಡ್ ಅಂತ ನಾವೇ ನಂಬಿಬಿಟ್ಟಿದ್ದೇವೆ. ಜಾತ್ರೆ, ಗಣೇಶನ ಮೆರವಣಿಗೆ, ಮದುವೆ ಛತ್ರ, ರಸ್ತೆಯ ಹಾರ್ನ್, ಎಲ್ಲ ಕಡೆ ಅದೇ. ಇಂಥ ಊರಲ್ಲಿ ಸೂಕ್ಷ್ಮವಾಗಿ ಕೇಳೋದನ್ನೇ ಕಸುಬು ಮಾಡಿಕೊಂಡ ಹುಡುಗನೊಬ್ಬ ನಿಮ್ಮ ಮನೆಯಲ್ಲಿದ್ದಾನೆ. ಹೆಮ್ಮೆಪಡಿ.

ಅವನಿಗೆ ನನ್ನ ಮಾತು ಇಷ್ಟು. ಬಾಯಿಮಾತಿನ ಮೇಲೆ ಕೆಲಸ ಒಪ್ಪಬೇಡ, ಒಂದು ಪುಟವಾದರೂ ಸರಿ ಬರೆಸಿಕೋ. ಅರ್ಧ ಹಣ ಮುಂಗಡ ತಗೋ, ಉಳಿದದ್ದು ರಿಲೀಸಿಗೆ ಮೊದಲು, ರೆಕಾರ್ಡ್ ಮಾಡಿದ ಫೈಲುಗಳನ್ನು ಕೊಡುವ ಹೊತ್ತಿಗೆ ಕೈ ಸೇರಬೇಕು ಅಂತ ಅದರಲ್ಲಿ ಇರಲಿ. ಬೂಮ್ ಜೊತೆಗೆ ಡೈಲಾಗ್ ಎಡಿಟಿಂಗ್ ಕಲಿ, ಶೂಟಿಂಗ್ ಇಲ್ಲದ ತಿಂಗಳಲ್ಲಿ ಅದು ಊಟಕ್ಕಾಗುತ್ತದೆ. ಕಥೆ ಓದುವ ದಿನವೇ ನನ್ನನ್ನೂ ಕರೀರಿ ಅಂತ ನಿರ್ದೇಶಕರನ್ನು ಕೇಳು, ನಾಚಿಕೊಳ್ಳಬೇಡ. ಬಾಕಿ ಉಳಿದ ಹಣದ ವಿವರ, ದಾಖಲೆ ಇದ್ದರೆ ನಮಗೂ ಕಳಿಸು. ನೀವು ಕೇಳಿದ ವಿಮರ್ಶೆಯ ಜಾಗದ ವಿಷಯಕ್ಕೆ ಬಂದರೆ, ಅದು ಕಡಿಮೆಯಾಗುವುದಿಲ್ಲ. ಮುಂದಿನ ಸಂಚಿಕೆಯಿಂದ ಪ್ರತಿ ವಿಮರ್ಶೆಯ ಮೇಲೆ ಕ್ಯಾಮೆರಾ, ಸಂಗೀತದವರ ಹೆಸರಿನ ಪಕ್ಕದಲ್ಲೇ ಲೊಕೇಶನ್ ಸೌಂಡ್, ಡಿಸೈನ್, ಮಿಕ್ಸಿಂಗ್ ಮಾಡಿದವರ ಹೆಸರೂ ಇರುತ್ತದೆ. ನಿಮ್ಮ ಅಳಿಯ ಈಗ ಮಾಡುತ್ತಿರುವ ಸಿನಿಮಾ ಬಿಡುಗಡೆ ಆಗುವಾಗ ತಿಳಿಸಿ.