ಅಕೂಸ್ಟಿಕ್ ಗಿಟಾರ್ ರೆಕಾರ್ಡಿಂಗ್ ಗುಂಯ್ ಅನ್ನುತ್ತಿದೆ, ಹೊಸ ಮೈಕ್ ತಗೊಳ್ಳಬೇಕಾ?

ಬೇಡ. ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. ನೀವು ಬರೆದಿರುವ ಪ್ರಕಾರ ನಿಮ್ಮ ಹತ್ತಿರ ಒಂದು ಕಂಡೆನ್ಸರ್ ಮೈಕ್ ಇದೆ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣದೊಂದು ಆಡಿಯೊ ಇಂಟರ್‌ಫೇಸ್ ಇದೆ, 10x10 ಅಡಿ ರೂಮಿನಲ್ಲಿ ಕೂತು ಮೈಕನ್ನು ಗಿಟಾರಿನ ತೂತಿನ ಎದುರಿಗೇ ಇಟ್ಟು ನುಡಿಸುತ್ತಿದ್ದೀರಿ, ಕೇಳಿದರೆ ಬಾತ್‌ರೂಮಿನಲ್ಲಿ ನುಡಿಸಿದ ಹಾಗಿದೆ. ಇದರಲ್ಲಿ ಮೈಕಿನ ತಪ್ಪು ಕಡಿಮೆ. ಅದನ್ನು ಇಟ್ಟ ಜಾಗ ಮತ್ತು ನೀವು ಕೂತ ರೂಮು, ಇವೆರಡರದ್ದೇ ಕಿತಾಪತಿ.

ಗಿಟಾರಿನ ಸದ್ದೆಲ್ಲ ಆ ತೂತಿನಿಂದಲೇ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲಿಂದ ಜಾಸ್ತಿ ಬರೋದು ಪೆಟ್ಟಿಗೆಯೊಳಗಿನ ಗಾಳಿಯ ಮೊಳಗು. ಡ್ರೆಡ್‌ನಾಟ್ ಅನ್ನೋ ದೊಡ್ಡ ಪೆಟ್ಟಿಗೆಯ ಗಿಟಾರಿನಲ್ಲಿ ಅದು ಸುಮಾರು 100 ಹರ್ಟ್ಜ್ ಹತ್ತಿರ ಇರುತ್ತದೆ. ಜಿ ಕಾರ್ಡ್ ಹಿಡಿದಾಗ ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಸ್ವರ 98 ಹರ್ಟ್ಜ್. ಎರಡೂ ಒಂದೇ ಕಡೆ ಬಂದು ಬೀಳುತ್ತವೆ, ಹಾಗಾಗಿ ಜಿ ಬಂದಾಗಲೆಲ್ಲ ಗುಂಯ್. ಮಿಕ್ಕ ತಂತಿಗಳು ಅದರಡಿ ಮುಚ್ಚಿಹೋಗುತ್ತವೆ. ಸಾಲದ್ದಕ್ಕೆ ಕಾರ್ಡಿಯಾಯ್ಡ್ ಮೈಕುಗಳಿಗೆ, ಅಂದರೆ ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕುಗಳಿಗೆ ಇನ್ನೊಂದು ಗುಣ, ಹತ್ತಿರ ಹೋದಷ್ಟೂ ಬೇಸ್, ಅಂದರೆ ತಗ್ಗು ಸದ್ದು, ಉಬ್ಬುತ್ತದೆ.

ಮೈಕನ್ನು 12ನೇ ಫ್ರೆಟ್ಟಿನ ಎದುರಿಗೆ ತನ್ನಿ. ಒಂದು ಗೇಣು ದೂರ, ಅಂದರೆ 20-25 ಸೆಂಟಿಮೀಟರ್. ಮೂತಿಯನ್ನು ಕುತ್ತಿಗೆ ಪೆಟ್ಟಿಗೆಗೆ ಸೇರುವ ಕಡೆಗೆ ಸ್ವಲ್ಪ ತಿರುಗಿಸಿ. ಇದು ಬರೀ ಶುರುವಿನ ಜಾಗ, ನಿಮ್ಮ ಗಿಟಾರಿಗೆ ಸರಿಯಾದ ಜಾಗ ಎಲ್ಲಿದೆ ಅಂತ ಕಿವಿಯೇ ಹೇಳಬೇಕು. ಹೆಡ್‌ಫೋನ್ ಹಾಕಿಕೊಂಡು, ಒಂದೇ ಕಾರ್ಡ್ ಮೀಟುತ್ತಾ, ಗಿಟಾರನ್ನೇ ಎರಡು ಬೆರಳಿನಷ್ಟು ಆಚೀಚೆ ಸರಿಸಿ ನೋಡಿ. ಮೈಕ್ ತೂತಿನ ಕಡೆ ಬಂದರೆ ಸದ್ದು ತುಂಬಿಕೊಳ್ಳುತ್ತದೆ, ಕುತ್ತಿಗೆಯ ಕಡೆ ಹೋದರೆ ತೆಳ್ಳಗಾಗಿ ಬೆರಳು ಜಾರುವ ಕೀಚ್ ಕೀಚ್ ಕೇಳಿಸುತ್ತದೆ. ಸರಿಯಾದ ಕಡೆ ನಿಂತಾಗ ಆರೂ ತಂತಿ ಬೇರೆ ಬೇರೆಯಾಗಿ ಕೇಳುತ್ತವೆ, ನಿಮಗೇ ಗೊತ್ತಾಗುತ್ತದೆ. ಆಮೇಲೆ ಅಲ್ಲಾಡಬೇಡಿ. ತಲೆದೂಗಿ ನುಡಿಸುವ ಅಭ್ಯಾಸ ಇದ್ದರೆ ಪ್ರತಿ ಸಾಲಿಗೂ ಸದ್ದು ಬದಲಾಗುತ್ತದೆ, ಅದನ್ನು ಮಿಕ್ಸಿಂಗ್‌ನಲ್ಲಿ ಸರಿ ಮಾಡೋಕೆ ಆಗಲ್ಲ.

ಇನ್ನು ರೂಮು. 10x10 ರೂಮಿಗೆ ಸೀಲಿಂಗ್ ಕೂಡ 10 ಅಡಿ ಇದ್ದರೆ ಮುಗಿಯಿತು, ಮೂರು ಕಡೆಯಿಂದಲೂ ಅದೇ 56, 112 ಹರ್ಟ್ಜ್ ಗುನುಗುತ್ತದೆ. ನಿಮ್ಮ ಐದನೇ ತಂತಿ 110, ಗಮನಿಸಿ. ಮೂಲೆಯಲ್ಲಿ ಕೂರಬೇಡಿ, ರೂಮಿನ ನಟ್ಟನಡುವೆಯೂ ಬೇಡ. ನೆಲ ಟೈಲ್ಸ್ ಆಗಿದ್ದರೆ ದಪ್ಪ ಜಮಖಾನ ಹಾಸಿ. ನಿಮ್ಮ ಬೆನ್ನ ಹಿಂದೆ ಹತ್ತಿಯ ಹಾಸಿಗೆ ಗೋಡೆಗೆ ಒರಗಿಸಿ, ಇಲ್ಲಾಂದ್ರೆ ಮಡಿಸಿದ ಕೌದಿಗಳನ್ನು ನೇತುಹಾಕಿ. ಸುಮಾರು ಜನ ಇದನ್ನು ಮೈಕಿನ ಹಿಂದೆ ಕಟ್ಟುತ್ತಾರೆ. ಮೈಕ್ ನೋಡುತ್ತಿರುವುದು ನಿಮ್ಮನ್ನು ಮತ್ತು ನಿಮ್ಮ ಹಿಂದಿನ ಗೋಡೆಯನ್ನು ಅಲ್ವಾ? ಮೊದಲು ಅಲ್ಲಿಗೆ ಮೆತ್ತೆ ಬೇಕು. ಮೊಟ್ಟೆ ಟ್ರೇ ಅಂಟಿಸೋದು ಸುಮ್ನೆ ಕಸ. ತೆಳು ಫೋಮ್ ಕೂಡ ಮೇಲಿನ ಸ್ಥಾಯಿಯ ಸದ್ದನ್ನಷ್ಟೇ ಹೀರುತ್ತದೆ, ಬೇಸ್ ಹಾಗೇ ಉಳಿದು ಗುಂಯ್ ಇನ್ನೂ ಎದ್ದು ಕಾಣುತ್ತದೆ.

ಫ್ಯಾನ್ ಆಫ್ ಮಾಡಲೇಬೇಕು, ಬೆವರಿದರೂ ಸರಿ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ಟ್ಯೂನ್ ಮಾಡಿ, ಸೆಕೆಗೆ ಶ್ರುತಿ ಜಾರಿರುತ್ತದೆ. ಸಣ್ಣಗೆ 50 ಹರ್ಟ್ಜ್ ಹಮ್ ಬರುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಪಕ್ಕದ ಮನೆ ಕುಕ್ಕರ್ ಸೀಟಿಗೆ ಮಾತ್ರ ಯಾರ ಹತ್ತಿರವೂ ಪ್ಲಗಿನ್ ಇಲ್ಲ, ರಾತ್ರಿ ಹನ್ನೊಂದರ ಮೇಲೆ ಕೂರಿ.

ಇಂಟರ್‌ಫೇಸಿನಲ್ಲಿ ಕಂಡೆನ್ಸರ್ ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಆನ್ ಮಾಡಿ, ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್ ಇಡಿ, ಅತೀ ಜೋರಾಗಿ ಹೊಡೆದಾಗ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇದ್ದರೆ ಸಾಕು. ಕೆಂಪು ಮುಟ್ಟಿಸಬೇಡಿ. ಗಿಟಾರಿನ ಪಿಕಪ್ ಜ್ಯಾಕಿನಿಂದ ನೇರ ತಗೊಳ್ಳೋಣ ಅಂತಲೂ ಕೇಳಿದ್ದೀರಿ. ಸ್ಟೇಜಿಗೆ ಸರಿ, ರೆಕಾರ್ಡಿಂಗಿಗೆ ಬೇಡ. ಗಿಟಾರಿನೊಳಗೇ ಕೂರಿಸಿ ತಂತಿಯ ಅದುರನ್ನು ಹಿಡಿಯುವ ಪಿಯೆಜೊ ಪಿಕಪ್ಪಿನ ಸದ್ದಿನಲ್ಲಿ ಪ್ಲಾಸ್ಟಿಕ್ ಛಾಯೆ ಇರುತ್ತದೆ, ಮರ ಕೇಳಿಸಲ್ಲ.

ರೆಕಾರ್ಡ್ ಆದ ಮೇಲೆ 80 ಹರ್ಟ್ಜ್ ಕೆಳಗಿನದನ್ನು ಕತ್ತರಿಸುವ ಹೈ-ಪಾಸ್ ಫಿಲ್ಟರ್ ಹಾಕಿ. ಗಿಟಾರಿನ ಅತಿ ತಗ್ಗು ಸ್ವರವೇ 82, ಅದರ ಕೆಳಗಿರೋದು ಬರೀ ಬಸ್ಸು, ಲಾರಿ ಸದ್ದು. ಹಾಡಿನಲ್ಲಿ ಬೇಸ್ ಗಿಟಾರ್ ಇದ್ದರೆ 100, 120ರ ತನಕ ಏರಿಸಬಹುದು. ಅಗಲವಾಗಿ ಕೇಳಿಸಬೇಕು ಅಂತಿದ್ದರೆ ಅದೇ ಭಾಗವನ್ನು ಎರಡು ಸಲ ನುಡಿಸಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕಿ. ಒಂದೇ ಟೇಕ್ ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಸದ್ದು ಜೋರಾಗುತ್ತದೆ ಅಷ್ಟೇ, ಅಗಲ ಆಗಲ್ಲ.

ಇಷ್ಟಾದರೂ ಮಂಕಾಗಿದ್ದರೆ ತಂತಿ ಯಾವಾಗ ಬದಲಿಸಿದ್ದು ನೋಡಿ. ಬೆವರು ಕುಡಿದು ಕಪ್ಪಾಗಿದ್ದರೆ ಮೊದಲು ಹೊಸ ಸೆಟ್ ಹಾಕಿ, ಒಂದು ದಿನ ಎಳೆದು ಕೂರಲಿ, ಆಮೇಲೆ ಅದೇ ಮೈಕಿನಲ್ಲಿ ಒಂದು ಟೇಕ್ ತೆಗೆದು ಇಲ್ಲಿ ಹಾಕಿ, ಕೇಳಿ ಹೇಳುತ್ತೇನೆ.