ನೋಡ್.ಜೆಎಸ್ (Node.js) ಆಪ್‌ನಲ್ಲಿ ಎಮಿಟ್‌ಗೆ ಅವೇಟ್ ಹಾಕಿದ್ರೂ ಯಾಕೆ ಕಾಯಲ್ಲ? ಹುಕ್ ಬಳಸ್ಬೇಕಾ?
ಆರ್ಡರ್ ಸೇವ್ ಆಗೋಕೆ ಮುಂಚೆ ಸ್ಟಾಕ್ ಚೆಕ್, ಆದ್ಮೇಲೆ ಮೇಲ್, ಎರಡನ್ನೂ ಈವೆಂಟ್‌ಎಮಿಟರ್‌ಗೆ (ಏನೋ ಆಯ್ತು ಅಂತ ಎಮಿಟ್ ಕೂಗಿದ್ರೆ, ಅದನ್ನ ಕೇಳ್ತಿರೋ ಫಂಕ್ಷನ್‌ಗಳನ್ನ, ಅಂದ್ರೆ ಲಿಸನರ್‌ಗಳನ್ನ, ಓಡಿಸೋ ವ್ಯವಸ್ಥೆ) ಹಾಕಿದೀರ, ಚೆಕ್ ಮುಗಿಯೋದ್ರೊಳಗೆ ಆರ್ಡರ್ ಸೇವ್ ಆಗ್ಬಿಡತ್ತೆ, ಜೊತೆಗೆ ಒಂದೇ ಆರ್ಡರ್‌ಗೆ ಮೂರ್ನಾಲ್ಕು ಮೇಲ್ ಹೋಗತ್ತೆ, ಇದೇ ತಾನೇ ಪ್ರಶ್ನೆ?

ಎಮಿಟ್ ವಾಪಸ್ ಕೊಡೋದು ಅವೇಟ್ ಕಾಯೋಕೆ ಬೇಕಾದ ಪ್ರಾಮಿಸ್ (ಇನ್ನೂ ಮುಗಿಯಬೇಕಾದ ಕೆಲಸದ ರಸೀದಿ) ಅಲ್ಲ ಸ್ವಾಮಿ, ಬರೀ ಟ್ರೂ ಇಲ್ಲಾ ಫಾಲ್ಸ್, ಅದೂ ಆ ಈವೆಂಟ್‌ಗೆ ಲಿಸನರ್ ಯಾರಾದ್ರೂ ಇದ್ರಾ ಅನ್ನೋದಕ್ಕಷ್ಟೇ. ಸೇರಿಸಿದ ಸಾಲಲ್ಲೇ ಒಂದಾದ ಮೇಲೊಂದು ಕರೆಯತ್ತೆ ನಿಜ, ಆದ್ರೆ ಅಸಿಂಕ್ ಲಿಸನರ್ ಆದ್ರೆ ಮೊದಲ ಅವೇಟ್ ತನಕ ಓಡಿಸಿ ಅಲ್ಲೇ ಕೈಬಿಟ್ಟು ಮುಂದಿನದಕ್ಕೆ ಹೋಗತ್ತೆ, ಅದು ರಿಟರ್ನ್ ಮಾಡಿದ್ದನ್ನ ಕೇಳೋರಿಲ್ಲ.

ನಾನು ವಿಂಗಡಿಸೋದು ಹೀಗೆ: "ಬೇಡ, ನಿಲ್ಸು" ಅನ್ನೋ ಹಕ್ಕು ಯಾವ ಕೋಡ್‌ಗೆ ಬೇಕೋ ಅದು ಹುಕ್, ಆಗಿದ್ದು ಗೊತ್ತಾದ್ರೆ ಸಾಕು ಅನ್ನೋದು ಈವೆಂಟ್. ಹಾಗಾಗಿ ನಿಮ್ಮ ಸ್ಟಾಕ್ ಚೆಕ್ ಹುಕ್ ಆಗ್ಬೇಕು. ಇದಕ್ಕೆ ಲೈಬ್ರರಿ ಏನೂ ಬೇಡ, ಒಂದು ಮ್ಯಾಪ್, ಪ್ರತಿ ಹುಕ್ ಹೆಸರಿಗೂ ಫಂಕ್ಷನ್‌ಗಳ ಒಂದು ಅರೇ, ಓಡಿಸೋವಾಗ ಫಾರ್-ಆಫ್ ಲೂಪ್ ಒಳಗೆ ಅವೇಟ್, ಅಷ್ಟೇ. ಒಂದು ಫಂಕ್ಷನ್ ಥ್ರೋ ಮಾಡಿದ್ರೆ ಲೂಪ್ ಅಲ್ಲೇ ನಿಲ್ಲತ್ತೆ, ಸೇವ್ ತನಕ ಹೋಗೋದೇ ಇಲ್ಲ. ಫಾರ್‌ಈಚ್ ಮಾತ್ರ ಬಳಸ್ಬೇಡಿ, ಅದೂ ಕಾಯಲ್ಲ, ಮತ್ತೆ ಅದೇ ಗುಂಡಿಗೆ ಬೀಳ್ತೀರ. ಫಾಸ್ಟಿಫೈ (ವೆಬ್ ಫ್ರೇಮ್‌ವರ್ಕ್) ಆದ್ರೆ ಪ್ರಿಹ್ಯಾಂಡ್ಲರ್, ಮಂಗೂಸ್ (ಮಂಗೋಡಿಬಿ ಡೇಟಾಬೇಸ್ ಲೈಬ್ರರಿ) ಆದ್ರೆ ಪ್ರಿ-ಸೇವ್, ಹುಕ್ ರೆಡಿನೇ ಇದೆ. (ಚೆಕ್‌ಗೂ ಸೇವ್‌ಗೂ ನಡುವೆ ಇನ್ನೊಂದು ಆರ್ಡರ್ ನುಗ್ಗಬಹುದು, ಅದನ್ನ ಹುಕ್ ತಡೆಯಲ್ಲ, ಸ್ಟಾಕ್ ಇದ್ರೆ ಮಾತ್ರ ಕಳಿ ಅನ್ನೋ ಷರತ್ತನ್ನ ಡೇಟಾಬೇಸ್ ಅಪ್‌ಡೇಟಲ್ಲೇ ಹಾಕಿ.)

ಮೇಲ್ ಈವೆಂಟಲ್ಲೇ ಇರ್ಲಿ, ಆದ್ರೆ ಟ್ರೈ-ಕ್ಯಾಚ್ ಲಿಸನರ್ ಒಳಗೇ ಇರ್ಬೇಕು. ನಾನು ಎಮಿಟ್ ಸುತ್ತ ಹಾಕ್ಕೊಂಡು ಧೈರ್ಯವಾಗಿದ್ದೆ, ಆದ್ರೆ ಎಮಿಟ್ ಕಾಯದೇ ಮುಂದೆ ಹೋಗೋದ್ರಿಂದ ಅವೇಟ್ ಆದ್ಮೇಲಿನ ಎರರ್ ಅಲ್ಲಿ ಸಿಗಲ್ಲ. ನೋಡ್ 14ರಲ್ಲಿ ಇದ್ದಾಗ ಬರೀ ವಾರ್ನಿಂಗ್ ಬರ್ತಿತ್ತು, ಯಾರೂ ಲಾಗ್ ನೋಡ್ತಿರ್ಲಿಲ್ಲ. 16ಕ್ಕೆ ಅಪ್‌ಗ್ರೇಡ್ ಮಾಡಿದ ವಾರವೇ ಮೇಲ್ ಸರ್ವರ್ ಒಂದ್ಸಲ ಟೈಮೌಟ್ ಆಯ್ತು, ಇಡೀ ಪ್ರೋಸೆಸ್ಸೇ ಮಲಗ್ತು, ಯಾಕಂದ್ರೆ 15ರಿಂದ ಹಿಡಿಯದೇ ಬಿಟ್ಟ ರಿಜೆಕ್ಷನ್ (ಪ್ರಾಮಿಸ್ ಫೇಲಾದಾಗ ಬರೋ ಎರರ್) ಬಂದ್ರೆ ನೋಡ್ ಕ್ರ್ಯಾಶ್ ಆಗತ್ತೆ. ಒಂದು ಮೇಲ್‌ಗೋಸ್ಕರ ಎಲ್ಲರ ಆರ್ಡರೂ ನಿಂತ್ಹೋಯ್ತು.

ಇನ್ನು ಮೂರ್ನಾಲ್ಕು ಮೇಲ್ ಹೋಗೋ ಕಥೆ. ಲಿಸನರ್ ಸೇರಿಸೋ ನಿಮ್ಮ ಆನ್ (on) ಕರೆ ರೂಟ್ ಹ್ಯಾಂಡ್ಲರ್ (ಪ್ರತಿ ರಿಕ್ವೆಸ್ಟ್‌ಗೂ ಓಡೋ ಫಂಕ್ಷನ್) ಒಳಗಿದೆ ಅನ್ಸತ್ತೆ, ಹಾಗಿದ್ರೆ ಪ್ರತಿ ರಿಕ್ವೆಸ್ಟ್‌ಗೂ ಹೊಸ ಲಿಸನರ್ ಸೇರ್ಕೋತಾ ಹೋಗತ್ತೆ. ಒಂದೇ ಈವೆಂಟ್‌ಗೆ 10 ದಾಟಿದ್ರೆ ಮೆಮೊರಿ ಲೀಕ್ ಇರಬಹುದು ಅಂತ ನೋಡ್.ಜೆಎಸ್ ತಾನೇ ವಾರ್ನಿಂಗ್ ಕೊಡತ್ತೆ, ಲಿಮಿಟ್ ಏರಿಸಿ ಅದರ ಬಾಯಿ ಮುಚ್ಚಿಸ್ಬೇಡಿ, ಆ ಸಾಲನ್ನ ಹ್ಯಾಂಡ್ಲರ್‌ನಿಂದ ತೆಗ್ದು ಆಪ್ ಶುರುವಾಗೋ ಫೈಲಿಗೆ ಹಾಕಿ.