ಕೊನೆಯ ಪೊರೆ ಕಳಚಿದ ಮೇಲೆ ಎಲೆಮಿಡತೆಯ ರೆಕ್ಕೆ ಮುದುಡಿದೆ, ಕ್ಯಾಲ್ಸಿಯಂ ಪುಡಿ ಹಾಕಲೇ?

ಬೇಡ. ಮೈಕ್ರೋಸೆಂಟ್ರಮ್ ಕುಲದ ಎಲೆಮಿಡತೆಯ ಮೈಹೊದಿಕೆ ಕೈಟಿನ್ (ಕೀಟಗಳ ಚಿಪ್ಪಿನ ನಾರಿನಂಥ ವಸ್ತು) ಮತ್ತು ಪ್ರೋಟೀನಿನದು, ಕ್ಯಾಲ್ಸಿಯಂ ಬೇಡುವ ಎಲುಬಲ್ಲ. ಹೊಸ ಎಲೆ ತಿನ್ನುತ್ತಿದೆ ಎಂದಾದರೆ ಆಹಾರದ ಚಿಂತೆ ಬಿಡಿ. ನಿಮ್ಮ ಪೆಟ್ಟಿಗೆಯೊಳಗೆ ನೇತಾಡಲು ಜಾಗವಿತ್ತೇ? ನನ್ನ ಅನುಮಾನವೆಲ್ಲ ಅದರ ಮೇಲೇ.

ಪೊರೆ ಬಿಡುವಾಗ ಮರಿ ಕಾಲುಗುರುಗಳನ್ನು ಕಡ್ಡಿಗೋ ಬಲೆಗೋ ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತದೆ. ಬೆನ್ನ ಮೇಲೆ ಪೊರೆ ಸೀಳುತ್ತದೆ, ಮೈಭಾರಕ್ಕೆ ಕೆಳಗೆ ಜಾರುತ್ತಾ ಮೀಸೆ, ಕಾಲುಗಳನ್ನು ಎಳೆದುಕೊಳ್ಳುತ್ತದೆ. ಆಮೇಲೆ ತಿರುಗಿ ಹಿಡಿದುಕೊಂಡು, ಮುದುಡಿದ ರೆಕ್ಕೆಗಳಿಗೆ ಮೈಯೊಳಗಿನ ದ್ರವ ತುಂಬಿ ಬಿಡಿಸುತ್ತದೆ. ಆಗ ರೆಕ್ಕೆ ಒದ್ದೆ ಕಾಗದದಂತೆ. ಎಲ್ಲಿ ತಗುಲಿತೋ ಅಲ್ಲೇ ಮಡಚಿ ಒಣಗುತ್ತದೆ. ಒಣಗಿದ್ದನ್ನು ಯಾರೂ ಬಿಡಿಸಲಾರರು.

ಹೀಗಾಗಿ ನೇತಾಡುವ ಜಾಗದ ಕೆಳಗೆ ಮೈಯುದ್ದದ ಮೂರು ಪಟ್ಟು ಖಾಲಿ ಇರಲಿ. ರೆಕ್ಕೆ ಸೇರಿ 5-6 ಸೆಂ.ಮೀ. ಬೆಳೆಯುವ ಜಾತಿಗೆ ಸುಮಾರು 20 ಸೆಂ.ಮೀ., ಅಂದರೆ ಪೆಟ್ಟಿಗೆ 30 ಸೆಂ.ಮೀ. ಎತ್ತರ. ಆದರೆ ಎತ್ತರದ ಪೆಟ್ಟಿಗೆಯಲ್ಲೂ ರೆಂಬೆಗಳನ್ನು ಕಿಕ್ಕಿರಿದು ತುರುಕಿದರೆ ಫಲಿತಾಂಶ ಇದೇ. ಹೆಚ್ಚಿನವರು ಎಡವುವುದು ಇಲ್ಲೇ: ಮರದ ಮೇಲಿನ ಜೀವಿ, ಎಲೆ ಜಾಸ್ತಿಯಾದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಎಲೆ ಒಂದು ಬದಿಗಿರಲಿ, ಇನ್ನೊಂದು ಬದಿ ಪೂರ್ತಿ ಖಾಲಿ. ಮೇಲ್ಛಾವಣಿ ಬಲೆಯದಾಗಿರಲಿ, ನುಣುಪಾದ ಗಾಜಿನಿಂದ ಉಗುರು ಜಾರುತ್ತದೆ.

ಬೆನ್ನ ಮೇಲಿನ ರೆಕ್ಕೆಮೊಗ್ಗು ಉಬ್ಬಿ, ಮರಿ ತಿನ್ನುವುದು ನಿಲ್ಲಿಸಿದರೆ ಅದನ್ನು ಬೇರೆ ಮಾಡಿ. ಜೊತೆಯವು ಹತ್ತಿ ತುಳಿಯುತ್ತವೆ, ಕಚ್ಚುವುದೂ ಉಂಟು. ಸಂಜೆ ಎಲೆಗೆ ನೀರು ಚಿಮುಕಿಸಿ, ಬೆಳಗ್ಗೆಗೆ ಆರುವಷ್ಟು ಗಾಳಿಯಾಡಲಿ. ತೀರಾ ಒಣಗಿದ್ದರೆ ಪೊರೆ ಕಾಲಿಗೆ ಅಂಟುತ್ತದೆ. ಎಳೆಯಬೇಡಿ, ಕಾಲೇ ಕಳಚಿ ಬರುತ್ತದೆ. ಒದ್ದೆ ಕುಂಚದಿಂದ ನೆನೆಸಿ ಬಿಟ್ಟುಬಿಡಿ. ಬಿಟ್ಟ ಪೊರೆಯನ್ನೂ ತೆಗೆಯಬೇಡಿ, ಮಿಡತೆಯೇ ಅದನ್ನು ತಿನ್ನುತ್ತದೆ.

ಈಗಿರುವುದಕ್ಕೆ ಇನ್ನೊಂದು ಪೊರೆ ಇಲ್ಲ, ರೆಕ್ಕೆ ಹೀಗೆಯೇ. ಕತ್ತರಿಸಲು ಹೋಗಬೇಡಿ, ತಿಂದುಂಡು ಬದುಕುತ್ತದೆ. ಗಂಡಾಗಿದ್ದರೆ ಸದ್ದು ಹೊರಡುವುದು ಮುಂರೆಕ್ಕೆಗಳ ಬುಡ ಉಜ್ಜಿ. ಬುಡವೇ ಸೊಟ್ಟಗಾಗಿದ್ದರೆ ಹೆಣ್ಣನ್ನು ಕರೆಯಲಾರದು. ಹೆಣ್ಣಾಗಿದ್ದರೆ ಸಣ್ಣ ಕಡ್ಡಿಗಳನ್ನಿಡಿ. ಬೂದುಬಣ್ಣದ ಚಪ್ಪಟೆ ಮೊಟ್ಟೆಗಳನ್ನು ಒಂದರ ಮೇಲೊಂದು ಅಂಚು ಸೇರಿಸಿ ಸಾಲಾಗಿ ಅಂಟಿಸುತ್ತದೆ. ಒಣರೆಂಬೆ ಎಸೆಯುವ ಮುನ್ನ ಒಮ್ಮೆ ತಿರುಗಿಸಿ ನೋಡಿ.